ನಾಲೆಯ ಹಲ್ಲಿ

ಕಳೆದ ತಿಂಗಳು ಒಂದು ಶುಕ್ರವಾರ ರಾತ್ರಿ, ಆಫೀಸ್ ಕ್ಯಾಬ್‌ನಲ್ಲಿ ಕೂತು ಅಮ್ಮನಿಗೊಂದು ವಾಟ್ಸಾಪ್ ಮೆಸೇಜ್ ಹಾಕಿದೆ. ನಾಳೆ ಹಳ್ಳಿಗೆ ಬರ್ತೀನಿ ಅಂತ. ಎಂದಿನ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ. ಹತ್ತು ನಿಮಿಷ ಬಿಟ್ಟು ಅಮ್ಮನ ಉತ್ತರ ಬಂತು, ಅಚ್ಚುಕಟ್ಟಾಗಿ ಕನ್ನಡ ಲಿಪಿಯಲ್ಲಿ: “ನಾಲೆ ಹಲ್ಲಿ ಅಂದ್ರೆ ಏನ್ ಮಗಾ? ನಾಲೇಲಿ ಹಲ್ಲಿ ಬಿದ್ದದಾ?”

ನಮ್ಮೂರು ಮಂಡ್ಯದ ಕಡೆ. ಮನೆಯ ಹಿತ್ತಲು ದಾಟಿದರೆ ವಿ.ಸಿ. ನಾಲೆ. ಹಾಗಾಗಿ ಅಮ್ಮನ ತಪ್ಪೇನೂ ಇಲ್ಲ. ಇಂಗ್ಲಿಷಿನಲ್ಲಿ ‘ಲ’ಕ್ಕೂ ‘ಳ’ಕ್ಕೂ ಇರೋದು ಒಂದೇ ‘ಎಲ್’. ನಾಳೆ ಅನ್ನೋದು ನಾಲೆ ಆಗುತ್ತೆ, ಹಳ್ಳಿ ಹಲ್ಲಿ ಆಗುತ್ತೆ. ಕ್ಯಾಬ್‌ನಲ್ಲಿ ಒಬ್ಬನೇ ನಕ್ಕೆ. ಆಮೇಲೆ ಸ್ವಲ್ಪ ಮುಜುಗರವೂ ಆಯ್ತು.

ಯಾಕಂದ್ರೆ ಅಮ್ಮ ಓದಿದ್ದು ಏಳನೇ ಕ್ಲಾಸು. ಸ್ಮಾರ್ಟ್‌ಫೋನ್ ಹಿಡಿದದ್ದು ಮೂರು ವರ್ಷದ ಹಿಂದೆ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು, ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೀತಾ ಇರೋನು. ನಮ್ಮಿಬ್ಬರಲ್ಲಿ ಫೋನಿನಲ್ಲಿ ಕನ್ನಡವನ್ನು ಕನ್ನಡವಾಗಿ ಬರೆಯೋದು ಅಮ್ಮ ಮಾತ್ರ. ಇದು ಹೇಗಾಯ್ತು? ಅಭ್ಯಾಸ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಈ ಅಭ್ಯಾಸ ಯಾವಾಗ ಅಂಟಿತು ಅಂತ ಹಿಂದಕ್ಕೆ ಹುಡುಕುತ್ತಾ ಹೋದರೆ ಅದು ನನ್ನೊಬ್ಬನ ಕಥೆಯಾಗಿ ಉಳಿಯಲ್ಲ. ನಾವು ದಿನವೂ ಕೈಯಲ್ಲಿ ಹಿಡಿಯೋ ಫೋನು, ಕಂಪ್ಯೂಟರ್ ಮಾಡಿದ ಕಂಪನಿಗಳ ಕಥೆಯೂ ಆಗುತ್ತೆ.

ಮೊದಲಿಗೆ ಅಪ್ಪನ ಸಿ.ಡಿ. ವಿಷಯ ಹೇಳಿಬಿಡ್ತೀನಿ.

ಅಪ್ಪ ಹಾಲಿನ ಡೈರಿಯ ಸೆಕ್ರೆಟರಿ ಆಗಿದ್ದರು. ಲೆಕ್ಕ ಬರೆಯೋದರ ಜೊತೆಗೆ ಊರಿನ ಹಳಬರನ್ನು ಮಾತಾಡಿಸಿ, ನಮ್ಮೂರಿಗೆ ನಾಲೆ ಬಂದ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆಗ ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರಿತ್ತು. ಯಾರ ಹೊಲ ಹೋಯ್ತು, ಮೊದಲ ನೀರು ಬಂದ ದಿನ ಯಾರು ಪೂಜೆ ಮಾಡಿದರು, ರಾಗಿ ಬೆಳೀತಿದ್ದೋರು ಭತ್ತ ಕಲಿತದ್ದು ಹೇಗೆ, ಇಂಥವೆಲ್ಲ. 1999ರಲ್ಲಿ ಮಂಡ್ಯದ ಒಂದು ಡಿಟಿಪಿ ಅಂಗಡಿಯಲ್ಲಿ ಅದನ್ನು ಟೈಪ್ ಮಾಡಿಸಿದರು. ಪುಸ್ತಕ ಮಾಡಿಸೋಕೆ ದುಡ್ಡು ಹೊಂದಲಿಲ್ಲ. ಮುಂದೆ ಯಾವತ್ತೋ ಅಂಗಡಿಯವನು ಅದನ್ನೊಂದು ಸಿ.ಡಿ.ಗೆ ಹಾಕಿಕೊಟ್ಟ. ನೋಟ್‌ಬುಕ್ಕು ಗೆದ್ದಲಿಗೆ ಹೋಯ್ತು. ಅಪ್ಪ 2009ರಲ್ಲಿ ಹೋದರು.

ವರ್ಷ ಎರಡು ಕಳೆದ ಮೇಲೆ ಧೈರ್ಯ ಮಾಡಿ ಆ ಸಿ.ಡಿ. ತೆರೆದೆ. ಫೈಲೇನೋ ತೆರೆದುಕೊಂಡಿತು. ಒಳಗೆ ಕನ್ನಡದ ಒಂದಕ್ಷರ ಇಲ್ಲ. ‘ಕನ್ನಡ’ ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ಆಮೇಲೆ ನೆತ್ತಿಯ ಮೇಲೆ ಗೀಟು ಹೊತ್ತ ‘ಎ’, ಪಕ್ಕದಲ್ಲಿ ಬ್ರಿಟನ್ನಿನ ಪೌಂಡ್ ಗುರುತು, ಮುಂದೆ ಜರ್ಮನ್ ಭಾಷೆಯ ಒಂದು ಅಕ್ಷರ. ಅರವತ್ತು ಪುಟವೂ ಹೀಗೇ. ಕಸ ತುಂಬಿದ ಹಾಗೆ.

ಅದು ಕಸ ಅಲ್ಲ, ಆ ಕಾಲದ ಒಂದು ಜಾಣತನ ಅಂತ ಆಮೇಲೆ ಗೊತ್ತಾಯ್ತು.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಅಂತ 1963ರಲ್ಲಿ ಅಮೆರಿಕದವರು ಒಂದು ಪಟ್ಟಿ ಮಾಡಿಕೊಂಡರು. ಅದೇ ಆಸ್ಕಿ. ಅದರಲ್ಲಿ ಇದ್ದದ್ದು 128 ಖಾನೆ. ಇಂಗ್ಲಿಷಿಗೆ ಧಾರಾಳವಾಗಿ ಸಾಕು. ಮುಂದೆ ಅದು 256ಕ್ಕೆ ಬೆಳೆದಾಗ ಯುರೋಪಿನ ನಾಲ್ಕಾರು ಭಾಷೆಗಳ ಗೀಟು, ಚುಕ್ಕಿ ಹೊತ್ತ ಅಕ್ಷರಗಳಿಗೂ ಜಾಗ ಸಿಕ್ಕಿತು. ನಮಗೆ ಸಿಗಲಿಲ್ಲ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಕೆಳಗೆ ಒತ್ತು, ಅದರ ಕೆಳಗೆ ಇನ್ನೊಂದು ಒತ್ತು ಇರುವ ಭಾಷೆಯನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಗ ನಮ್ಮವರು ಮಾಡಿದ್ದು, ಬೇರೆಯವರ ಸೀಟಿನಲ್ಲಿ ಟವೆಲ್ ಹಾಕೋ ಕೆಲಸ. ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಇಳಿ, ಒತ್ತು ಅಂತ ತುಂಡು ಮಾಡಿದರು. ಒಂದೊಂದು ತುಂಡನ್ನೂ ಇಂಗ್ಲಿಷಿನ, ಜರ್ಮನ್ನಿನ ಒಂದೊಂದು ಅಕ್ಷರದ ಜಾಗದಲ್ಲಿ ಕೂರಿಸಿದರು. ಕಂಪ್ಯೂಟರ್ ‘ಪಿ’ ಅಂದುಕೊಂಡೇ ಇರುತ್ತೆ, ಪರದೆಯ ಮೇಲೆ ಕಾಣೋದು ಕನ್ನಡದ ತುಂಡು. ಆ ಫಾಂಟ್ ಇರುವ ತನಕ ಎಲ್ಲ ಚೆಂದ. ಫಾಂಟ್ ಇಲ್ಲದ ಮಷೀನಿಗೆ ಹೋದರೆ ವೇಷ ಕಳಚಿಬೀಳುತ್ತೆ. ಶ್ರೀಲಿಪಿ, ಆಕೃತಿ, ನುಡಿ, ಹೀಗೆ ಒಬ್ಬೊಬ್ಬರದು ಒಂದೊಂದು ಜೋಡಣೆ. ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆಯದು.

ಹಾಗಂತ ಅವರನ್ನು ಬೈಯೋ ಮನಸ್ಸಾಗಲ್ಲ. ಆ ದಿನಗಳಲ್ಲಿ ಕನ್ನಡ ಕಂಪ್ಯೂಟರಿನಲ್ಲಿ ಬದುಕಿದ್ದು ಇಂಥವರಿಂದಲೇ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರನ್ನೇ ತಗೊಳ್ಳಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಅಚ್ಚುಮೊಳೆಗೆ ಹೆಸರಾದ ಮೋನೋಟೈಪ್ ಕಂಪನಿಯಲ್ಲಿ ದುಡಿದವರು. ಕನ್ನಡಕ್ಕೆ ಇಷ್ಟೆಲ್ಲ ಅಕ್ಷರ ಇದ್ದರೂ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೇ ಸಾಕು ಅಂತ ತೋರಿಸಿಕೊಟ್ಟವರು ಅವರು. ಉಚ್ಚಾರಣೆ ಹೇಗೋ ಹಾಗೆ ಕೀಲಿ. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ‘ಎ, ಪಿ, ಎಫ್, ಪಿ’ ಅಂತ ನಾಲ್ಕು ಸಲ ಕುಟ್ಟಿದರೆ ‘ಅಪ್ಪ’. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಮುಂದೆ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ತಂದ ‘ನುಡಿ’ಯಲ್ಲೂ ಇದೇ ಕೀಲಿಮಣೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಅದೂ ಉಚಿತವಾಗಿ. ಪರದೇಶದಲ್ಲಿದ್ದ ಕನ್ನಡಿಗರು ಈಮೇಲ್‌ನಲ್ಲಿ ಕನ್ನಡ ಕಂಡದ್ದು ಹೆಚ್ಚಾಗಿ ಅದರಿಂದ.

ಅಂದರೆ, ದೊಡ್ಡ ಕಂಪನಿಗಳು ಮಾಡಬೇಕಿದ್ದ ಕೆಲಸವನ್ನು ಬೆರಳೆಣಿಕೆಯ ಜನ ರಜಾದಿನಗಳಲ್ಲಿ ಕೂತು ಮಾಡಿದರು.

ಹಾಗಾದರೆ ಕಂಪನಿಗಳು ಏನು ಮಾಡ್ತಿದ್ವು? ನಮ್ಮ ಸಾಫ್ಟ್‌ವೇರ್ ಮಂದಿಗೆ ಸ್ಟೀವ್ ಜಾಬ್ಸ್ ಅಂದರೆ ಪ್ರಾಣ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆತ ಮಾಡಿದ ಭಾಷಣವನ್ನು ಹಾಸ್ಟೆಲ್ಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ವಿ. ಕಾಲೇಜು ಬಿಟ್ಟ ಮೇಲೂ ಅಲ್ಲೇ ಉಳಿದು ಅಕ್ಷರ ಬರೆಯೋ ಕಲೆ ಕಲಿತದ್ದು, ಅದೇ ಮುಂದೆ 1984ರ ಮ್ಯಾಕಿಂಟಾಷ್‌ನಲ್ಲಿ ಚೆಂದದ ಅಕ್ಷರಗಳಾಗಿ ಬಂದದ್ದು, ಎಲ್ಲ ಆ ಭಾಷಣದಲ್ಲಿದೆ. ನನಗೆ ಈಗಲೂ ಅದು ಇಷ್ಟ. ಆದರೆ ಅಕ್ಷರದ ಚೆಲುವಿನ ಬಗ್ಗೆ ಅಷ್ಟು ಹೆಮ್ಮೆ ಇದ್ದ ಆ ಕಂಪನಿಯ ಐಫೋನು 2007ರಲ್ಲಿ ಬಂತು. ಅದರಲ್ಲೇ ಕೂಡಿಸಿದ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಓಎಸ್ 11ರ ಜೊತೆ. ಹತ್ತು ವರ್ಷ. ಆಪಲ್ ಕಂಪ್ಯೂಟರಿನಲ್ಲಿರೋ ‘ಕನ್ನಡ ಸಂಗಮ್’ ಅನ್ನೋ ಫಾಂಟ್ ಮಾಡಿದ್ದು ಕ್ಯಾಲಿಫೋರ್ನಿಯಾದವರೂ ಅಲ್ಲ, ಬೆಂಗಳೂರಿನವರೂ ಅಲ್ಲ. ಮಲೇಷ್ಯಾದ ತಮಿಳರು, ಮುತ್ತು ನೆಡುಮಾರನ್.

ಮೈಕ್ರೋಸಾಫ್ಟ್ ಸ್ವಲ್ಪ ಮೊದಲೇ ಎದ್ದಿತ್ತು. 1991ರಲ್ಲಿ ಯೂನಿಕೋಡ್ ಅನ್ನೋ ಹೊಸ ಪಟ್ಟಿಯ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಅಂತಲೇ 128 ಖಾನೆ ಕೊಟ್ಟಿದ್ದರು. ಇನ್ನು ಯಾರ ಸೀಟಿಗೂ ಟವೆಲ್ ಹಾಕಬೇಕಿರಲಿಲ್ಲ. ಕಾಗದದ ಮೇಲೆ ಕನ್ನಡದ ಸಮಸ್ಯೆ ಅವತ್ತೇ ಮುಗಿಯಿತು. ಆದರೆ ಖಾನೆ ಸಿಕ್ಕಿದರೆ ಸಾಲದು. ಅಕ್ಷರಗಳನ್ನು ಜೋಡಿಸಿ ಬರೆಯುವ ಬುದ್ಧಿ ಮಷೀನಿಗೆ ಬರಬೇಕು. ‘ಸೂರ್ಯ’ ಅಂತ ಬರೆಯುವಾಗ ರಕಾರ ಮೊದಲು ಬರುತ್ತೆ, ಆದರೆ ಅರ್ಕಾವೊತ್ತಾಗಿ ಯಕಾರದ ಆಚೆ ಹೋಗಿ ಕೂರುತ್ತೆ. ‘ಸ್ತ್ರೀ’ಯಲ್ಲಿ ಆರು ಸಂಕೇತ ಸೇರಿ ಒಂದೇ ಅಕ್ಷರ. ಈ ಬುದ್ಧಿ ವಿಂಡೋಸ್ 2000ಕ್ಕೆ ದೇವನಾಗರಿ, ತಮಿಳುಗಳ ಮಟ್ಟಿಗೆ ಬಂದಿತ್ತು. ಕನ್ನಡಕ್ಕೆ ‘ತುಂಗಾ’ ಅನ್ನೋ ಫಾಂಟಿನ ಜೊತೆ 2001ರ ಎಕ್ಸ್‌ಪಿಯಲ್ಲಿ ಬಂತು.

ಬಂತು ಅಂದೆನಲ್ಲ, ಅದೂ ಅರ್ಧ. ಎಕ್ಸ್‌ಪಿ ಇಟ್ಟುಕೊಂಡಿದ್ದವರಿಗೆ ನೆನಪಿರಬಹುದು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಪುಟ ತೆರೆದು, ‘ಸಂಕೀರ್ಣ ಲಿಪಿ ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು’ ಅನ್ನೋ ಅರ್ಥದ ಒಂದು ಚೌಕದಲ್ಲಿ ಗುರುತು ಹಾಕಬೇಕು. ಹಾಕಿದ ತಕ್ಷಣ ಅದು ವಿಂಡೋಸ್ ಸಿ.ಡಿ. ಕೇಳುತ್ತೆ. ಸೈಬರ್ ಕೆಫೆಯಲ್ಲಿ ಯಾರ ಹತ್ತಿರ ಸಿ.ಡಿ. ಇರುತ್ತೆ? ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂತವನು ಕೆಫೆ ಮಾಲೀಕನ ಹತ್ತಿರ ಹೋಗಿ ‘ಅಣ್ಣಾ, ನಂಗೆ ಕನ್ನಡ ಬೇಕು’ ಅಂತ ಕೇಳಿಯಾನೆ? ಆ ಒಂದು ಗುರುತು ಹಾಕದೆ ಕರ್ನಾಟಕದಲ್ಲಿ ಎಷ್ಟು ಕಂಪ್ಯೂಟರ್‌ಗಳು ಬದುಕಿ ಸತ್ತವೋ. ಏನೂ ಮಾಡದೆ ತಾನಾಗೇ ಕನ್ನಡ ಕಾಣಿಸಿದ್ದು 2007ರ ವಿಸ್ಟಾದಿಂದ. ಆ ವಿಸ್ಟಾ ಯಾರಿಗೂ ಇಷ್ಟವಾಗಲಿಲ್ಲ ಅನ್ನೋದು ಬೇರೆ ಮಾತು.

ಇದೇ ಹೊತ್ತಿಗೆ ನಮ್ಮ ಕೈಗೆ ಮೊಬೈಲ್ ಬಂದಿತ್ತು. ನನ್ನ ತಲೆಮಾರಿನ ಅಭ್ಯಾಸ ಕೆಟ್ಟದ್ದು ಇಲ್ಲಿ.

ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ. ಯೂನಿಕೋಡ್ ಆದರೆ 70. ಅದರಲ್ಲೂ ‘ಕ್ಷ’ ಅಂತ ಬರೆದರೆ ಲೆಕ್ಕಕ್ಕೆ ಮೂರು. ಅಂದರೆ ಕನ್ನಡದಲ್ಲಿ ಬರೆಯೋನು ಅದೇ ಮಾತಿಗೆ ಎರಡು ಮೂರು ಮೆಸೇಜಿನ ದುಡ್ಡು ಕೊಡಬೇಕು. ಹಬ್ಬದ ದಿನ ಪ್ಯಾಕ್ ಬೇರೆ ನಡೀತಿರಲಿಲ್ಲ. ಇಷ್ಟಾಗಿ ಕಳಿಸಿದರೂ ಆ ಕಡೆಯವರ ಫೋನಿನಲ್ಲಿ ಕನ್ನಡ ಇಲ್ಲದಿದ್ದರೆ ಅವರಿಗೆ ಕಾಣೋದು ಬರೀ ಖಾಲಿ ಪೆಟ್ಟಿಗೆಗಳು. ತಿಂಗಳಿಗೆ ಮೂವತ್ತು ರೂಪಾಯಿ ಕರೆನ್ಸಿಯಲ್ಲಿ ಪ್ರೀತಿ, ಜಗಳ, ಪರೀಕ್ಷೆ ಎಲ್ಲವನ್ನೂ ಸಂಭಾಳಿಸುತ್ತಿದ್ದ ಹುಡುಗರು ಏನು ಮಾಡ್ತಾರೆ? ‘ಊಟ ಆಯ್ತಾ’ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಅದು ಇಂಗ್ಲಿಷಿನ ವ್ಯಾಮೋಹ ಅಲ್ಲ ಸ್ವಾಮಿ, ಅಪ್ಪಟ ಉಳಿತಾಯ.

ಸ್ಮಾರ್ಟ್‌ಫೋನ್ ಬಂದ ಮೇಲಾದರೂ ಸರಿಹೋಗಬೇಕಿತ್ತು. ಹೋಗಲಿಲ್ಲ. 2011ರಲ್ಲಿ ಮೊದಲ ಸಂಬಳ ಕೂಡಿಟ್ಟು ಕೊಂಡ ಫೋನಿನಲ್ಲಿ ಕನ್ನಡದ ಪೇಪರ್ ತೆರೆದರೆ ಪುಟ ತುಂಬ ಪೆಟ್ಟಿಗೆ. ಆಗ ನಮ್ಮನ್ನು ಕಾಪಾಡಿದ್ದು ನಾರ್ವೆಯವರ ಒಪೇರಾ ಮಿನಿ. ವಿಳಾಸ ಬರೆಯೋ ಜಾಗದಲ್ಲಿ ‘ಒಪೇರಾ, ಕೋಲನ್, ಕಾನ್ಫಿಗ್’ ಅಂತ ಹೊಡೆದು, ಕೊನೆಯಲ್ಲಿ ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಬಳಸು ಅನ್ನೋದಕ್ಕೆ ‘ಯೆಸ್’ ಅನ್ನಬೇಕು. ಅವರ ಸರ್ವರ್ ಕನ್ನಡದ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸೋದು. ಈ ಗುಟ್ಟನ್ನು ಒಬ್ಬರಿಂದ ಒಬ್ಬರು ಮನೆಮದ್ದಿನ ಹಾಗೆ ಕಲಿತೆವು. ಓದೋಕೆ ಆಯ್ತು. ಬರೆಯೋಕೆ? ಅದೇ ಹಳೇ ದಾರಿ, ಇಂಗ್ಲಿಷ್ ಅಕ್ಷರ.

ಆಂಡ್ರಾಯ್ಡ್ ತಾನಾಗೇ ಕನ್ನಡ ತೋರಿಸಿದ್ದು 2012ರ ‘ಜೆಲ್ಲಿ ಬೀನ್’ ಆವೃತ್ತಿಯಿಂದ. ಯೂನಿಕೋಡ್‌ನಲ್ಲಿ ಸೀಟು ಸಿಕ್ಕ ಇಪ್ಪತ್ತೊಂದು ವರ್ಷಕ್ಕೆ.

ಇಲ್ಲಿ ಕಂಪನಿಗಳನ್ನು ಖಳನಾಯಕರನ್ನಾಗಿ ಮಾಡೋದು ಸುಲಭ. ನಾನು ಮಾಡಲ್ಲ. ಅದೇ ಉದ್ಯಮದ ಅನ್ನ ತಿನ್ನೋನು, ಅಲ್ಲಿ ಹೇಗೆ ನಿರ್ಧಾರ ಆಗುತ್ತೆ ಅಂತ ನೋಡಿದ್ದೀನಿ. ಸಾವಿರ ಕೆಲಸ ಪಟ್ಟಿಯಲ್ಲಿರುತ್ತೆ, ಮುಂದಿನ ಮೂರು ತಿಂಗಳಲ್ಲಿ ಹತ್ತು ಆಗುತ್ತೆ. ಯಾವ ಹತ್ತು? ಯಾರು ಕೇಳ್ತಿದ್ದಾರೆ, ಎಷ್ಟು ಜನ, ಎಷ್ಟು ದುಡ್ಡು. ಕನ್ನಡದ ಮೇಲೆ ಯಾರಿಗೂ ದ್ವೇಷ ಇರಲಿಲ್ಲ. ಕನ್ನಡ ಅವರ ಹತ್ತರ ಪಟ್ಟಿಗೆ ಬರಲಿಲ್ಲ, ಅಷ್ಟೆ. ಬೆಂಗಳೂರಿನಲ್ಲಿ ದೊಡ್ಡ ಫೋನು ಕೊಳ್ಳೋರೆಲ್ಲ ಇಂಗ್ಲಿಷ್ ಬಲ್ಲವರು, ಅವರಿಗೆ ಇಂಗ್ಲಿಷೇ ಸಾಕು ಅನ್ನೋದು ಲೆಕ್ಕ. ನಾವೂ ಆ ಲೆಕ್ಕ ಸುಳ್ಳು ಮಾಡಲಿಲ್ಲ. ನಮ್ಮ ಸರ್ಕಾರಿ ಕಚೇರಿಗಳೇ ಯೂನಿಕೋಡ್ ಬಂದು ವರ್ಷಗಟ್ಟಲೆ ಆದರೂ ಹಳೇ ಫಾಂಟನ್ನು ಬಿಡಲಿಲ್ಲ. ಇನ್ನು ಬೇರೆಯವರನ್ನು ಕೇಳೋದೇನು?

ಲೆಕ್ಕ ಬದಲಾದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ನೀರಿನ ಹಾಗೆ ಹರಿದ ಮೇಲೆ. ಮಾರನೇ ವರ್ಷ ಗೂಗಲ್ ಮತ್ತು ಕೆಪಿಎಂಜಿ ಸೇರಿ ಒಂದು ವರದಿ ತಂದವು. 2016ರಲ್ಲಿ ಇಂಟರ್ನೆಟ್ಟನ್ನು ಭಾರತೀಯ ಭಾಷೆಗಳಲ್ಲಿ ಬಳಸುವವರು 23.4 ಕೋಟಿ, ಇಂಗ್ಲಿಷಿನಲ್ಲಿ ಬಳಸುವವರು 17.5 ಕೋಟಿ ಅಂತ ಅದರಲ್ಲಿತ್ತು. ಕನ್ನಡ ಏಕಾಏಕಿ ಹತ್ತರ ಪಟ್ಟಿಗೆ ಬಂತು. ಅದೇ 2017ರಲ್ಲಿ ಐಫೋನಿಗೂ ಕೀಲಿಮಣೆ ಬಂದದ್ದನ್ನು ಕಾಕತಾಳೀಯ ಅಂತ ಬೇಕಾದರೆ ಅನ್ನಿ.

ಇದೇನೂ ಹೊಸದಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತಲ್ಲ, ಅದನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಬಂದದ್ದು ಬಾಸೆಲ್ ಮಿಷನ್ ಕೆಲಸಕ್ಕೆ. ಹೊಸ ಯಂತ್ರ ನಮ್ಮ ಅಕ್ಷರಕ್ಕೆ ಬಗ್ಗೋದು ಹೆಚ್ಚಾಗಿ ಬೇರೆಯವರಿಗೆ ನಮ್ಮಿಂದ ಏನೋ ಬೇಕಾದಾಗ. ಅವತ್ತು ಅವರಿಗೆ ಬೇಕಿದ್ದದ್ದು ಧರ್ಮಪ್ರಚಾರ, ಇವತ್ತಿನವರಿಗೆ ಮಾರುಕಟ್ಟೆ. ಒಳ್ಳೇದೇ ಆಯ್ತು, ಬಿಡಿ. ಆದರೆ ಅವರಿಗೆ ಬೇಕಾಗೋ ತನಕ ಕಾಯೋದಕ್ಕೆ ಒಂದು ಬೆಲೆ ಇದೆ, ಅದನ್ನು ಕಟ್ಟೋರು ನಾವು.

ಏನು ಬೆಲೆ ಅಂತೀರಾ? 2021ರ ಜೂನ್ ನೆನಪಿಸಿಕೊಳ್ಳಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಅಂತ ಹುಡುಕಿದರೆ ಗೂಗಲ್ ಕನ್ನಡ ಅಂತ ತೋರಿಸಿತು. ಯಾವನೋ ಎಲ್ಲೋ ಬರೆದಿಟ್ಟಿದ್ದನ್ನು ಅದರ ಮಷೀನು ಎತ್ತಿ ಮೇಲಿಟ್ಟಿತ್ತು. ರಾಜ್ಯವೇ ಎದ್ದು ನಿಂತಿತು, ಗೂಗಲ್ ಕ್ಷಮೆ ಕೇಳಿತು. ಆವತ್ತು ನನ್ನ ಕಾಲೇಜು ಗೆಳೆಯರ ಗ್ರೂಪಿನಲ್ಲೂ ಬೆಂಕಿ ಬಿದ್ದಿತ್ತು. ಕನ್ನಡ ಲಿಪಿಗಳ ರಾಣಿ, ಎರಡು ಸಾವಿರ ವರ್ಷದ ಇತಿಹಾಸ, ಎಂಟು ಜ್ಞಾನಪೀಠ. ಸಂಜೆ ಸುಮ್ಮನೆ ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದೆ. ಇನ್ನೂರು ಚಿಲ್ಲರೆ ಮೆಸೇಜು. ಲಿಪಿಗಳ ರಾಣಿಯನ್ನು ಹೊಗಳಿದ್ದೆಲ್ಲ ಇಂಗ್ಲಿಷ್ ಲಿಪಿಯಲ್ಲಿ. ನನ್ನವೂ ಸೇರಿ. ಆ ಹೊತ್ತಿಗೆ ನಮ್ಮೆಲ್ಲರ ಫೋನಿನಲ್ಲೂ ಕನ್ನಡ ಕೀಲಿಮಣೆ ಇತ್ತು. ಒಂದು ಬಟನ್ ಒತ್ತಿದ್ದರೆ ಸಾಕಿತ್ತು.

ಸೌಲಭ್ಯ ತಡವಾಗಿ ಬಂದರೂ ಬಂತು. ಅಷ್ಟರಲ್ಲಿ ಅಭ್ಯಾಸ ಬೇರೆ ಮನೆ ಮಾಡಿಕೊಂಡಿತ್ತು. ಕೆರೆಗೆ ನೀರು ಬಂದಿದೆ, ನಾವು ಮಾತ್ರ ಟ್ಯಾಂಕರಿಗೆ ಫೋನ್ ಮಾಡ್ತಾನೇ ಇದ್ದೀವಿ. ಅಮ್ಮನಂಥವರಿಗೆ ಈ ತೊಂದರೆ ಇಲ್ಲ. ಅವರ ಕೈಗೆ ಫೋನು ಬಂದಾಗ ಕನ್ನಡವೂ ಜೊತೆಗೇ ಬಂದಿತ್ತು. ನಡುವೆ ಸಿಕ್ಕಿಹಾಕಿಕೊಂಡದ್ದು ಪೆಟ್ಟಿಗೆಗಳ ಕಾಲದಲ್ಲಿ ಟೈಪ್ ಮಾಡೋದು ಕಲಿತ ನಾವು.

ಅಪ್ಪನ ಕಡತದ ಕಥೆ ಬಾಕಿ ಇದೆ. ಹಳೇ ಫಾಂಟಿನ ಕನ್ನಡವನ್ನು ಯೂನಿಕೋಡ್‌ಗೆ ಬದಲಿಸೋ ಸಣ್ಣ ಸಣ್ಣ ತಂತ್ರಾಂಶಗಳನ್ನು ಉತ್ಸಾಹಿಗಳು ಮಾಡಿಟ್ಟಿದ್ದಾರೆ. ಅದರಲ್ಲೊಂದಕ್ಕೆ ಅಪ್ಪನ ಅರವತ್ತು ಪುಟ ಹಾಕಿದೆ. ಪೌಂಡುಗಳೆಲ್ಲ ಕರಗಿ ಕನ್ನಡ ಎದ್ದು ಬಂತು. ಮೊದಲ ಸಾಲಿನಲ್ಲೇ ನಮ್ಮೂರ ಹೆಸರು. ಆದರೆ ಒತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು, ಅರ್ಕಾವೊತ್ತು ಎಷ್ಟೋ ಕಡೆ ಕಳೆದೇಹೋಗಿತ್ತು. ಕೆ.ಪಿ. ರಾವ್ ಕೀಲಿಮಣೆ ಕಲಿತು, ರಜಕ್ಕೆ ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿದ್ದುತ್ತಾ ಇದ್ದೀನಿ. ನಾನು ಓದ್ತೀನಿ, ಅಮ್ಮ ಸೊಪ್ಪು ಬಿಡಿಸ್ತಾ ತಪ್ಪು ಹೇಳ್ತಾರೆ. “ಅದು ಕರಿಯಪ್ಪ ಅಲ್ಲ ಮಗಾ, ಕರ್ಯಪ್ಪ. ನಿಮ್ಮಪ್ಪ ಅಂಗೇ ಅನ್ತಿದ್ದುದು.” ಇಪ್ಪತ್ತೆರಡು ಪುಟ ಆಗಿದೆ. ಮಷೀನಿಗೆ ಗೊತ್ತಿಲ್ಲದ ಆ ಅರ್ಕಾವೊತ್ತುಗಳು ಗೊತ್ತಿರೋದು ಈಗ ಅಮ್ಮನಿಗೆ ಮಾತ್ರ. ಅದಕ್ಕೇ ಸ್ವಲ್ಪ ಅವಸರ ನನಗೆ.

ಆ ಶುಕ್ರವಾರ ರಾತ್ರಿ ಕ್ಯಾಬು ಕೆಂಗೇರಿ ದಾಟೋ ಹೊತ್ತಿಗೆ ಕೀಲಿಮಣೆ ಬದಲಿಸಿದೆ. ಹುಡುಕಿ ಹುಡುಕಿ ಒತ್ತಬೇಕಾಯ್ತು. ಮೂರು ಪದಕ್ಕೆ ಪೂರ್ತಿ ಎರಡು ನಿಮಿಷ. ‘ನಾಳೆ ಹಳ್ಳಿಗೆ ಬರ್ತೀನಿ.’

ಉತ್ತರ ಆ ಕ್ಷಣಕ್ಕೇ ಬಂತು: “ಈಗ ಸರ್ಯಾಯ್ತು. ಬರುವಾಗ ಬೀಪಿ ಮಾತ್ರೆ ತತ್ತಾ.”